ಸನ್ನತಿಯ ಪೀಠಶಿಲೆ

ಕಲಬುರಗಿ ಜಿಲ್ಲೆಯ ಬಯಲುಸೀಮೆಯಲ್ಲಿ ಭೀಮಾತೀರದ ಸನ್ನತಿಯು ಚಂದ್ರಲಾಂಬೆಯ ಕ್ಷೇತ್ರವೆಂದು ಪ್ರಸಿದ್ಧವಾದುದು. ೧೯೮೬ರಲ್ಲಿ ಆ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಳಿಗೆ ಕುಸಿದು ವಿಗ್ರಹವು ಭಗ್ನವಾಗಲು, ಅದರ ಪೀಠವಾಗಿದ್ದ ಶಿಲೆಯಲ್ಲಿ ಅಶೋಕನ ಧರ್ಮಶಾಸನಗಳು ಬೆಳಕಿಗೆ ಬಂದುವು. ಅವುಗಳಲ್ಲಿ ೧೨ ಮತ್ತು ೧೪ನೆಯ ಶಾಸನಗಳ ಭಾಗಗಳಲ್ಲದೆ, ಅದುವರೆಗೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ದೊರೆತಿದ್ದ ಎರಡು ಪ್ರತ್ಯೇಕ ಶಾಸನಗಳೂ ಇವೆ. ವಿಗ್ರಹವನ್ನು ನಿಲ್ಲಿಸಲು ಕೊರೆದ ಕುಳಿಯಿಂದ ಹಲವು ಅಕ್ಷರಗಳು ನಷ್ಟವಾದುವು. ಆದರೆ ಪೀಠವಾದುದರಿಂದಲೇ ಶಿಲೆಯು ಉಳಿಯಿತೆಂದು ನಾವು ಭಾವಿಸುತ್ತೇವೆ. ಪರಮತವನ್ನು ಗೌರವಿಸಬೇಕೆಂಬುದೇ ೧೨ನೆಯ ಶಾಸನದ ಸಾರ. ಆ ಲಿಪಿಯನ್ನು ಮರೆತಿದ್ದ ಜನರು ಅದರ ಮೇಲೆಯೇ ತಮ್ಮ ದೇವಿಯನ್ನು ಪೂಜಿಸಿದರು. ಆದುದರಿಂದ ಈ ಶಿಲೆಯನ್ನು ನೋಡುವ ವಿದ್ಯಾರ್ಥಿಯು ಅಕ್ಷರಗಳನ್ನು ಓದುವಂತೆಯೇ ಕುಳಿಯನ್ನೂ ಓದತಕ್ಕದ್ದು. ಎರಡೂ ಇತಿಹಾಸದ ದಾಖಲೆಗಳೇ.