ಕರ್ನಾಟಕದಲ್ಲಿ ವಿದ್ಯುತ್ತಿನ ರಾಜ್ಯನೀತಿ: ನೀರು, ಕಲ್ಲಿದ್ದಲು, ಬಿಸಿಲು

ಹಾವೇರಿ ಜಿಲ್ಹೆಯ ಸವಣೂರು ತಾಲೂಕಿನಲ್ಲಿರುವ ಹತ್ತಿಮತ್ತೂರು ರಾಷ್ಟ್ರಕೂಟರ ಕಾಲದ ಶಿಲಾಶಾಸನದಿಂದ ಇತಿಹಾಸಜ್ಞರಿಗೆ ಪರಿಚಿತವಾದ ಗ್ರಾಮವು. ಬ್ರಿಟಿಷರ ಆಳಿಕೆಯಲ್ಲಿ ಅದು ಮುಂಬಯಿ ಇಲಾಖೆಯ ಧಾರವಾಡ ಜಿಲ್ಹೆಯ ಕರಜಗಿ ತಾಲೂಕಿಗೆ ಸೇರಿದ್ದಿತು. ನೆರೆಯ ಸವಣೂರು ನವಾಬರ ಸಂಸ್ಥಾನವಾಗಿ ೧೯೪೮ರ ವರೆಗೆ ಪ್ರತ್ಯೇಕವಾಗಿ ಉಳಿದಿದ್ದಿತು. ಅರಸೊತ್ತಿಗೆ ಯಾರದೇ ಆಗಿರಲಿ, ಇಂಥ ಊರುಗಳ ಕೆಲಸವನ್ನು ನಡೆಯಿಸಿದ ಬಲವು ಮಾತ್ರ ಶತಮಾನಗಳ ವರೆಗೆ ಬದಲಾಗಲಿಲ್ಲ. ಬಾವಿಯ ನೀರನ್ನು ಎತ್ತುಗಳು ಮೇಲಕ್ಕೆಳೆದವು. ಗಾಣವನ್ನು ಎತ್ತುಗಳೇ ತಿರುಗಿಸಿದವು. ಎರೆಹೊಲದ ಹತ್ತಿಯನ್ನು ಎತ್ತಿನ ಬಂಡಿಗಳೇ ಪೇಟೆಗೆ ಒಯ್ದವು. ಒಲೆಗೆ ಕಟ್ಟಿಗೆಯೂ ಕುಳ್ಳೂ ಸಾಕಾಗಿದ್ದವು. ಇಂಧನವನ್ನು ಸುಟ್ಟು ಯಂತ್ರವನ್ನು ನಡೆಯಿಸುವ ಪದ್ಧತಿಯು ಈ ಸೀಮೆಗೆ ೧೮೮೦ರ ದಶಕದಲ್ಲಿ, ಸದರ್ನ್ ಮರಾಠಾ ರೇಲ್ವೆಯೊಡನೆ ಬಂದಿತು. ಯಲವಿಗಿ, ಕರಜಗಿ, ಹಾವೇರಿಗಳ ಮೇಲೆ ಹಾದುಹೋಗುವ ಅದೇ ದಾರಿಯಲ್ಲಿ ಉಗಿಯ ಗಾಡಿ ಹೋಗಿ ಡೀಸಲ್ ಗಾಡಿ ಬಂದಿತು. ಆ ದಾರಿಯೂ ವಿದ್ಯುದೀಕರಣಗೊಂಡು, ೨೦೨೩ರ ಜೂನ್ ತಿಂಗಳಿನಿಂದ ಬೆಂಗಳೂರು-ಧಾರವಾಡಗಳ ನಡುವಣ ವಂದೇ ಭಾರತ ಗಾಡಿಯು ತಂತಿಯ ಬಲದಿಂದಲೇ ಅದರ ಮೇಲೆ ಓಡತೊಡಗಿತು.

ಆದರೆ ಆ ತಂತಿಯೊಳಗಿನ ಬಲವು ಎಲ್ಲಿಂದ ಬರುವುದು? ಕಲ್ಲಿದ್ದಲನ್ನು ಸುಟ್ಟು ವಿದ್ಯುತ್ತನ್ನು ಪಡೆದರೆ ಹೊಗೆಯು ಗಾಡಿಯ ಮುಂದಿನಿಂದ ದೂರದ ಕಾರಖಾನೆಯ ಚಿಮಣಿಗೆ ಸ್ಥಳಾಂತರವಾಯಿತೆಂದಷ್ಟೇ ಅರ್ಥ. ಆದುದರಿಂದಲೇ ಇಂದಿನ ಸರಕಾರಗಳು ನೀರು, ಗಾಳಿ, ಬಿಸಿಲುಗಳಂಥ ಬರಿದಾಗದ ಮೂಲಗಳಿಂದ ವಿದ್ಯುತ್ತನ್ನು ಪಡೆಯಬೇಕೆಂಬ ನೀತಿಯನ್ನು ಹಿಡಿದಿರುವುವು. ಇದನ್ನು ತೀರ ಹೊಸದೆಂದು ಭಾವಿಸುವವರು ಬಹಳ ಮಂದಿ. ಕನ್ನಡ ನಾಡಿನ ಇತಿಹಾಸವನ್ನು ನೋಡಿದರೆ ಅದು ಹೊಸದಲ್ಲವೆಂದು ತಿಳಿಯುವುದು. ಇಲ್ಲಿ ವಿದ್ಯುತ್ತು ಹುಟ್ಟಿದುದೇ ನೀರಿನಿಂದ. ಕಲ್ಲಿದ್ದಲು ಆಮೇಲೆ ಬಂದುದು. ಸುಡುವ ಪದ್ಧತಿಯನ್ನು ಬಿಡಲು ರಾಜ್ಯವು ಯತ್ನಿಸಿದಾಗಲೆಲ್ಲ ಎರಡು ಪ್ರಶ್ನೆಗಳು ತಪ್ಪದೆ ಎದುರಾಗಿವೆ. ದೊರೆತ ಬಲವನ್ನು ಬೇಕಾದ ಹೊತ್ತಿಗೆ ಕೂಡಿಡುವುದು ಹೇಗೆ ಎಂಬುದು ಮೊದಲನೆಯದು. ಅದಕ್ಕಾಗಿ ಯಾರ ಭೂಮಿ ಹೋಗತಕ್ಕದ್ದು ಎಂಬುದು ಎರಡನೆಯದು.

ಮೊದಲನೆಯ ಯತ್ನವು ಮೈಸೂರು ಸಂಸ್ಥಾನದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೋಲಾರದ ಚಿನ್ನದ ಗಣಿಗಳು ಉಗಿಯಂತ್ರಗಳಿಂದ ನಡೆಯುತ್ತಿದ್ದವು. ಅವುಗಳಿಗೆ ಬೇಕಾದ ಕಟ್ಟಿಗೆಗಾಗಿ ಸುತ್ತಣ ಕಾಡುಗಳು ಬರಿದಾಗುತ್ತಿದ್ದವು. ಕಲ್ಲಿದ್ದಲನ್ನು ಬಹು ದೂರದಿಂದ ತರಿಸಬೇಕಾಗಿದ್ದುದರಿಂದ ವೆಚ್ಚವೂ ವಿಪರೀತವಾಗಿದ್ದಿತು. ದಿವಾನ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಕಾವೇರಿಯ ಶಿವನಸಮುದ್ರ ಜಲಪಾತದ ಬಲವನ್ನು ಗಣಿಗಳಿಗೆ ಒಯ್ಯುವ ಯೋಜನೆಯನ್ನು ಕೈಕೊಂಡರು, ಎ. ಜೆ. ಡಿ ಲಾಟ್ಬಿನಿಯರ್ ಎಂಬ ಇಂಜಿನಿಯರರು ಅದನ್ನು ರೂಪಿಸಿದರು. ಜಲಪಾತಕ್ಕೂ ಗಣಿಗಳಿಗೂ ನಡುವಣ ಅಂತರವು ೯೨ ಮೈಲು. ಅಷ್ಟು ದೂರಕ್ಕೆ ವಿದ್ಯುತ್ತನ್ನು ತಂತಿಯ ಮೇಲೆ ಸಾಗಿಸುವುದು ಆ ಕಾಲಕ್ಕೆ ಜಗತ್ತಿನಲ್ಲಿಯೇ ಸಾಹಸದ ಕಾರ್ಯವಾಗಿದ್ದಿತು. ಶೇಷಾದ್ರಿ ಅಯ್ಯರ್ ಅವರು ೧೯೦೧ರಲ್ಲಿ ತೀರಿಕೊಂಡರು. ಮರುವರುಷ, ೧೯೦೨ರ ಜೂನ್ ತಿಂಗಳಿನಲ್ಲಿ, ಗಣಿಗಳಿಗೆ ವಿದ್ಯುತ್ತು ಮುಟ್ಟಿತು. ೧೯೦೫ರಲ್ಲಿ ಅದೇ ವಿದ್ಯುತ್ತು ಬೆಂಗಳೂರಿನ ಬೀದಿಗಳಲ್ಲಿ ದೀಪವಾಗಿ ಬೆಳಗಿತು. ಮುಂಬಯಿ ಕರ್ನಾಟಕದಲ್ಲಿ ಇದಕ್ಕೂ ಮೊದಲೇ, ೧೮೮೭ರ ಸುಮಾರಿಗೆ, ಗೋಕಾಕ ಜಲಪಾತದ ನೂಲಿನ ಗಿರಣಿಯು ಘಟಪ್ರಭೆಯ ನೀರಿನ ಬಲದಿಂದ ನಡೆಯತೊಡಗಿದ್ದಿತು. ಹೀಗೆ ಕನ್ನಡಿಗರ ಎರಡು ಸೀಮೆಗಳಲ್ಲಿಯೂ ಯಂತ್ರಯುಗದ ಆರಂಭಕ್ಕೆ ನದಿಯು ನೆರವಾದುದನ್ನು ಕಾಣಬಹುದು.

ಆದರೆ ನದಿಯು ವರುಷವಿಡೀ ಒಂದೇ ಸಮನೆ ಹರಿಯುವುದಿಲ್ಲ. ಬೇಸಗೆಯಲ್ಲಿ ಕಾವೇರಿ ಸೊರಗಿದರೆ ಶಿವನಸಮುದ್ರದ ಚಕ್ರಗಳೂ ಸೊರಗಬೇಕು. ಗಣಿಗಳಿಗೆ ಕೊಟ್ಟ ಮಾತು ತಪ್ಪಬೇಕು. ೧೯೧೧ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರರಾಗಿದ್ದಾಗ ಆರಂಭವಾದ ಕನ್ನಂಬಾಡಿಯ ಅಣೆಕಟ್ಟನ್ನು ಜನರು ಇಂದು ಮಂಡ್ಯ ಸೀಮೆಯ ಗದ್ದೆಗಳಿಗೆ ನೀರುಣಿಸಿದ ಕಾರ್ಯವೆಂದು ಸ್ಮರಿಸುವರು. ಶಿವನಸಮುದ್ರಕ್ಕೆ ಎಲ್ಲ ಋತುಗಳಲ್ಲಿಯೂ ನೀರನ್ನು ಒದಗಿಸುವುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದಾಗಿದ್ದಿತೆಂಬುದನ್ನು ಮರೆಯಲಾಗದು. ಎಂದರೆ, ಹರಿಯುವ ಬಲವನ್ನು ಕೂಡಿಡುವ ಪ್ರಶ್ನೆಗೆ ಮೈಸೂರಿನವರು ಜಲಾಶಯವೆಂಬ ಉತ್ತರವನ್ನು ಕಂಡುಕೊಂಡರು. ಆ ಉತ್ತರಕ್ಕೆ ಬೆಲೆಯೂ ಇದ್ದಿತು. ಕನ್ನಂಬಾಡಿಯೇ ಮೊದಲಾದ ಹಳ್ಳಿಗಳು ನೀರಿನೊಳಗಾದವು. ಅಲ್ಲಿಯ ಜನರು ಬೇರೆಡೆಗೆ ಹೋಗಿ ನೆಲಸಬೇಕಾಯಿತು.

ಇದೇ ಕಾಲದಲ್ಲಿ ಮುಂಬಯಿಯ ಬಟ್ಟೆಯ ಗಿರಣಿಗಳಿಗಾಗಿ ಟಾಟಾ ಸಂಸ್ಥೆಯು ಸಹ್ಯಾದ್ರಿಯ ಮಳೆನೀರನ್ನು ಕೂಡಿಟ್ಟು ೧೯೧೫ರಲ್ಲಿ ಖೋಪೋಲಿಯ ವಿದ್ಯುದಾಗಾರವನ್ನು ಆರಂಭಿಸಿತು. ಅಲ್ಲಿಯ ವರೆಗೆ ಆ ಗಿರಣಿಗಳು ದೂರದಿಂದ ತಂದ ಕಲ್ಲಿದ್ದಲಿನ ಮೇಲೆ ನಡೆಯುತ್ತಿದ್ದವು. ಹೀಗೆ ನೀರಿನ ಬಲವು ನಗರಗಳಿಗೂ ಗಣಿಗಳಿಗೂ ದೊರೆಯಿತೇ ಹೊರತು, ಹತ್ತಿಯನ್ನು ಬೆಳೆಯುವ ಹಳ್ಳಿಗಳಿಗೆ ಬಹು ಕಾಲದ ವರೆಗೆ ದೊರೆಯಲಿಲ್ಲ.

ಎರಡನೆಯ ದೊಡ್ಡ ಯತ್ನವು ಶರಾವತಿಯದು. ಮೈಸೂರು ಸಂಸ್ಥಾನವು ೧೯೩೯ರಲ್ಲಿ ಆರಂಭಿಸಿದ ಜೋಗದ ಕಾರ್ಯವು ಯುದ್ಧದಿಂದ ತಡವಾಗಿ ೧೯೪೮ರಲ್ಲಿ ಫಲಿಸಿತು. ಮುಂದಿನ ವರುಷ ಆ ವಿದ್ಯುದಾಗಾರಕ್ಕೆ ಮಹಾತ್ಮಾ ಗಾಂಧಿಯವರ ಹೆಸರನ್ನಿಟ್ಟರು. ೧೯೫೬ರಲ್ಲಿ ಕನ್ನಡ ಸೀಮೆಗಳು ಒಂದುಗೂಡಿದವು. ೧೯೫೭ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಲಿಯು ಸ್ಥಾಪಿತವಾಯಿತು. ಅನಂತರ ಲಿಂಗನಮಕ್ಕಿಯ ಅಣೆಕಟ್ಟೂ, ತಲಾ ೮೯.೧ ಮೆಗಾವ್ಯಾಟಿನ ಹತ್ತು ಯಂತ್ರಗಳುಳ್ಳ ಶರಾವತಿಯ ವಿದ್ಯುದಾಗಾರವೂ ಎದ್ದವು. ಅದರ ಮೊದಲ ಯಂತ್ರಗಳು ೧೯೬೦ರ ದಶಕದ ನಡುವಿನಲ್ಲಿ ತಿರುಗತೊಡಗಿದವು. ಹೊಗೆಯಿಲ್ಲದೆ, ಅಗ್ಗದ ದರದಲ್ಲಿ, ರಾಜ್ಯಕ್ಕೆ ಬೆಳಕು ದೊರೆಯಿತು. ಮಲೆನಾಡಿನ ಕಣಿವೆಯಲ್ಲಿ ಅಡಿಕೆ ತೋಟ, ಗದ್ದೆ, ಮನೆಗಳನ್ನು ಕಳೆದುಕೊಂಡವರಿಗೆ ಮಾತ್ರ ದೊರೆತುದು ಬೇರೆ. ಅವರನ್ನು ಕಾಡಿನ ಅಂಚಿನಲ್ಲಿ ನೆಲೆಗೊಳಿಸಿದರು. ಆ ಕುಟುಂಬಗಳಲ್ಲಿ ಹಲವಕ್ಕೆ ಅರುವತ್ತು ವರುಷಗಳು ಕಳೆದರೂ ಭೂಮಿಯ ಹಕ್ಕುಪತ್ರ ದೊರೆಯಲಿಲ್ಲ. ನಾಡಿಗೆಲ್ಲ ಬೆಳಕನ್ನು ಕೊಟ್ಟವರು ತಮ್ಮ ನೆಲವು ತಮ್ಮದೆಂದು ಹೇಳಲಾರದೆ ಉಳಿದರು.

ನೀರನ್ನೇ ನಂಬಿದ ರಾಜ್ಯಕ್ಕೆ ಮಳೆ ಕೈಕೊಟ್ಟಾಗ ಬೇರೆ ಗತಿಯಿರಲಿಲ್ಲ. ಬೇಡಿಕೆಯು ಬೆಳೆಯುತ್ತ ಹೋಯಿತು. ಮಳೆ ಕಡಿಮೆಯಾದ ವರುಷಗಳಲ್ಲಿ ಜಲಾಶಯಗಳು ತಳಕಂಡು, ಕಾರಖಾನೆಗಳಿಗೆ ವಿದ್ಯುತ್ ಕಡಿತವಾಯಿತು. ಆಗ ಸರಕಾರವು ಕಲ್ಲಿದ್ದಲಿನ ಕಡೆಗೆ ತಿರುಗಿತು. ರಾಯಚೂರಿನ ಬಳಿ, ಕೃಷ್ಣಾತೀರದ ಶಕ್ತಿನಗರದಲ್ಲಿ, ೨೧೦ ಮೆಗಾವ್ಯಾಟಿನ ಮೊದಲನೆಯ ಘಟಕವು ೧೯೮೫ರಲ್ಲಿ ಆರಂಭವಾಯಿತು. ಮುಂದೆ ಅದು ಎಂಟು ಘಟಕಗಳಾಗಿ ೧,೭೨೦ ಮೆಗಾವ್ಯಾಟಿಗೆ ಬೆಳೆಯಿತು. ಬಳಿಕ ಬಳ್ಳಾರಿಯ ಕುಡತಿನಿಯಲ್ಲಿಯೂ, ಉಡುಪಿಯ ನಂದಿಕೂರಿನಲ್ಲಿಯೂ, ರಾಯಚೂರಿನದೇ ಯರಮರಸಿನಲ್ಲಿಯೂ ಇಂಥ ಸ್ಥಾವರಗಳು ಎದ್ದವು. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ಆದುದರಿಂದ ತೆಲಂಗಾಣ, ಒಡಿಶಾ ಮೊದಲಾದ ಸೀಮೆಗಳಿಂದ ರೇಲ್ವೆಯ ಮೂಲಕವೂ, ನಂದಿಕೂರಿಗೆ ಹೊರದೇಶಗಳಿಂದ ಹಡಗಿನ ಮೂಲಕವೂ ಅದನ್ನು ತರಿಸಬೇಕಾಯಿತು. ಶೇಷಾದ್ರಿ ಅಯ್ಯರ್ ಅವರು ಕೋಲಾರದಲ್ಲಿ ತಪ್ಪಿಸಬಯಸಿದ ಪರಾಧೀನತೆಯು ಎಂಬತ್ತು ವರುಷಗಳ ಮೇಲೆ ಬೇರೊಂದು ರೂಪದಲ್ಲಿ ಮರಳಿ ಬಂದಿತು. ಆದರೂ ಆಗಿನ ಆಡಳಿತಗಾರರನ್ನು ದೂರುವುದು ನ್ಯಾಯವಲ್ಲ. ಕಲ್ಲಿದ್ದಲಿಗೆ ಒಂದು ಗುಣವುಂಟು: ಅದನ್ನು ರಾಶಿ ಹಾಕಿಟ್ಟು ಬೇಕೆಂದಾಗ ಸುಡಬಹುದು. ಕೂಡಿಡುವ ಪ್ರಶ್ನೆಗೆ ಅದು ಸುಲಭದ ಉತ್ತರವಾಗಿದ್ದಿತು.

ಮೂರನೆಯ ಯತ್ನವು ಇಂದಿನದು. ೧೯೯೬ರಲ್ಲಿ ರಾಜ್ಯ ಸರಕಾರವು ನವೀಕರಿಸಬಹುದಾದ ಇಂಧನಗಳಿಗಾಗಿಯೇ ‘ಕ್ರೆಡಲ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಚಿತ್ರದುರ್ಗದ ಗುಡ್ಡಗಳ ಮೇಲೆಯೂ, ಗದಗಿನ ಕಪ್ಪತಗುಡ್ಡದ ಸೀಮೆಯಲ್ಲಿಯೂ ಗಾಳಿಯಂತ್ರಗಳು ಕಾಣಿಸಿಕೊಂಡವು. ಕೇಂದ್ರದ ೨೦೦೩ರ ವಿದ್ಯುಚ್ಛಕ್ತಿ ಕಾಯಿದೆಯು, ವಿತರಣೆ ಮಾಡುವ ಕಂಪನಿಗಳು ಇಂಥ ಮೂಲಗಳಿಂದ ಗೊತ್ತುಪಡಿಸಿದ ಪಾಲನ್ನು ಕೊಳ್ಳುವಂತೆ ಮಾಡುವ ಅಧಿಕಾರವನ್ನು ರಾಜ್ಯದ ನಿಯಂತ್ರಣ ಆಯೋಗಗಳಿಗೆ ಕೊಟ್ಟಿತು. ೨೦೧೦ರ ಸುಮಾರಿಗೆ ಕೋಲಾರ ಜಿಲ್ಹೆಯ ಯಳೇಸಂದ್ರದಲ್ಲಿ ೩ ಮೆಗಾವ್ಯಾಟಿನ ಸೂರ್ಯಸ್ಥಾವರವು ಏರ್ಪಟ್ಟಿತು. ೨೦೧೪ರ ಸೌರನೀತಿಯು ಭೂಮಿಯುಳ್ಳ ರೈತರಿಗೂ ೧ರಿಂದ ೩ ಮೆಗಾವ್ಯಾಟಿನ ಸ್ಥಾವರಗಳನ್ನು ಕಟ್ಟಲು ಅವಕಾಶವನ್ನು ಕಲ್ಪಿಸಿತು. ೨೦೨೧ರಲ್ಲಿ ಗ್ಲಾಸ್ಗೋ ಸಮ್ಮೇಲನದಲ್ಲಿ ಭಾರತವು, ೨೦೩೦ರ ಹೊತ್ತಿಗೆ ಕಲ್ಲಿದ್ದಲು-ತೈಲಗಳಲ್ಲದ ಮೂಲಗಳಿಂದ ೫೦೦ ಗಿಗಾವ್ಯಾಟ್, ಎಂದರೆ ಐದು ಲಕ್ಷ ಮೆಗಾವ್ಯಾಟ್, ಸಾಮರ್ಥ್ಯವನ್ನು ಪಡೆಯುವೆನೆಂದು ಜಗತ್ತಿಗೆ ಮಾತು ಕೊಟ್ಟಿತು. ೨೦೨೫ರ ನಡುವಿನಲ್ಲಿ ದೇಶದ ಸ್ಥಾಪಿತ ಸಾಮರ್ಥ್ಯದ ಅರ್ಧಭಾಗವು ಅಂಥ ಮೂಲಗಳದಾಯಿತು. ಇಲ್ಲಿ ಒಂದು ಭೇದವನ್ನು ಗಮನಿಸತಕ್ಕದ್ದು. ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಬಿಸಿಲಿನ ಯಂತ್ರವು ರಾತ್ರಿಯಲ್ಲಿ ಸುಮ್ಮನಿರುವುದು. ಆದುದರಿಂದ ನಿಜವಾಗಿ ಉತ್ಪನ್ನವಾಗುವ ವಿದ್ಯುತ್ತಿನಲ್ಲಿ ಮೂರರಲ್ಲೆರಡಕ್ಕೂ ಮಿಕ್ಕಿದ ಪಾಲು ಆ ವೇಳೆಯಲ್ಲಿಯೂ ಕಲ್ಲಿದ್ದಲಿನದೇ ಆಗಿದ್ದಿತು.

ಭೂಮಿಯ ಪ್ರಶ್ನೆಗೆ ಈ ಸಲ ಒಂದು ಹೊಸ ಉತ್ತರ ಹುಟ್ಟಿತು. ತುಮಕೂರು ಜಿಲ್ಹೆಯ ಪಾವಗಡವು ಮೇಲಿಂದ ಮೇಲೆ ಬರಕ್ಕೆ ತುತ್ತಾಗುವ ತಾಲೂಕು. ಅಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆ ನೆಲದಲ್ಲಿ, ೨,೦೫೦ ಮೆಗಾವ್ಯಾಟಿನ ಸೌರೋದ್ಯಾನವು ೨೦೧೮ರಲ್ಲಿ ಆರಂಭವಾಗಿ ೨೦೧೯ರ ಕೊನೆಗೆ ಪೂರ್ಣವಾಯಿತು. ಸರಕಾರವು ರೈತರ ಭೂಮಿಯನ್ನು ಕಸಿದುಕೊಳ್ಳಲಿಲ್ಲ, ಕ್ರಯಕ್ಕೂ ಪಡೆಯಲಿಲ್ಲ. ಎಕರೆಗೆ ವರುಷಕ್ಕೆ ೨೧,೦೦೦ ರೂಪಾಯಿಗಳಂತೆ ಗುತ್ತಿಗೆಗೆ ಹಿಡಿಯಿತು, ಎರಡು ವರುಷಕ್ಕೊಮ್ಮೆ ನೂರಕ್ಕೆ ೫ರಷ್ಟು ಹೆಚ್ಚಿಸುವುದಾಗಿ ಒಪ್ಪಿತು. ಶರಾವತಿಯ ಕಣಿವೆಯವರಿಗೆ ಒದಗದ ಭಾಗ್ಯವಿದು: ನೆಲದ ಒಡೆತನ ಒಕ್ಕಲಿನ ಕೈಯಲ್ಲಿಯೇ ಉಳಿಯಿತು. ಆದರೆ ಗುತ್ತಿಗೆಯ ಹಣವು ಪಹಣಿಯಲ್ಲಿ ಹೆಸರುಳ್ಳವರಿಗೆ ಮಾತ್ರ ದೊರೆಯುವುದು. ಆ ಹೊಲಗಳಲ್ಲಿ ಕೂಲಿ ಮಾಡಿ ಬದುಕುತ್ತಿದ್ದವರಿಗೂ, ಕುರಿ ಮೇಯಿಸುತ್ತಿದ್ದವರಿಗೂ ಅದರಲ್ಲಿ ಪಾಲಿಲ್ಲ. ಹಿಂದಿನ ಅನ್ಯಾಯವು ಅರ್ಧದಷ್ಟು ಸರಿಹೋಗಿದೆ ಎನ್ನಬಹುದು. ಉಳಿದರ್ಧವು ಭೂಮಿಯಿಲ್ಲದವರ ಲೆಕ್ಕದಲ್ಲಿರುವುದು.

ಕೂಡಿಡುವ ಪ್ರಶ್ನೆಯು ಇನ್ನೂ ತೀರಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ವಿದ್ಯುತ್ತು ಧಾರಾಳವಾಗುವುದು. ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಅದು ನಿಲ್ಲುವುದು. ಗಾಳಿಯು ಮಳೆಗಾಲದಲ್ಲಿ ಬಲವಾಗಿ ಬೀಸಿ, ಮುಂದಿನ ತಿಂಗಳುಗಳಲ್ಲಿ ಸೊರಗುವುದು. ಹಗಲಿನ ಹೆಚ್ಚಳದಿಂದ ಕೆಳಗಿನ ಗೇರುಸೊಪ್ಪೆಯ ನೀರನ್ನು ಮೇಲಿನ ತಲಕಳಲೆಗೆ ಎತ್ತಿ, ಸಂಜೆಗೆ ಅದನ್ನು ಮತ್ತೆ ಕೆಳಗೆ ಬಿಟ್ಟು ೨,೦೦೦ ಮೆಗಾವ್ಯಾಟನ್ನು ಪಡೆಯಬೇಕೆಂಬ ಶರಾವತಿಯ ಹೊಸ ಯೋಜನೆಯು ಈ ಕೊರತೆಯನ್ನು ತುಂಬಲೆಂದೇ ಹುಟ್ಟಿದುದು. ಅದರ ಸ್ಥಳವು ಸಿಂಗಳೀಕಗಳ ಅಭಯಾರಣ್ಯದೊಳಗಿರುವುದರಿಂದ ತೀವ್ರವಾದ ವಿರೋಧವೂ ಎದ್ದಿತು. ಒಮ್ಮೆ ಮುಳುಗಿದ ಕಣಿವೆಯವರು ಮತ್ತೊಂದು ಯೋಜನೆಯನ್ನು ಸಂಶಯದಿಂದ ನೋಡಿದರೆ ಆಶ್ಚರ್ಯವಿಲ್ಲ.

ಈ ದೊಡ್ಡ ಯೋಜನೆಗಳ ನಡುವೆ ಹತ್ತಿಮತ್ತೂರಿನಂಥ ಗ್ರಾಮದ ಪಾಲೇನೆಂಬುದನ್ನು ಕೇಳಬೇಕು. ಮಳೆಯನ್ನು ನಂಬಿದ ಈ ಸೀಮೆಯ ಒಕ್ಕಲಿಗನಿಗೆ ಇಂದು ಬೋರ್‌ವೆಲ್ಲಿನ ಪಂಪುಸೆಟ್ಟೇ ಹಿಂದಿನ ಎತ್ತಿನ ಜಾಗದಲ್ಲಿರುವುದು. ೨೦೦೮ರಿಂದ ೧೦ ಅಶ್ವಶಕ್ತಿಯ ವರೆಗಿನ ಪಂಪುಗಳಿಗೆ ಸರಕಾರವು ವಿದ್ಯುತ್ತನ್ನು ಉಚಿತವಾಗಿ ಕೊಡುತ್ತ ಬಂದಿರುವುದು. ಬೆಲೆಯಿಲ್ಲದುದು ನಿಜ, ಆದರೆ ಹೊತ್ತಿನ ನಿಶ್ಚಯವಿಲ್ಲ. ತ್ರೀ-ಫೇಸ್ ವಿದ್ಯುತ್ತು ಎಷ್ಟೋ ಸಲ ರಾತ್ರಿಯ ಪಾಳಿಯಲ್ಲಿ ಬರುವುದು. ಆಗ ರೈತನು ಬ್ಯಾಟರಿ ಹಿಡಿದು, ಹಾವು-ಚೇಳುಗಳ ಭಯದಲ್ಲಿ, ಹೊಲಕ್ಕೆ ಹೋಗಿ ನೀರು ಹಾಯಿಸಬೇಕು. ೨೦೧೯ರಲ್ಲಿ ಕೇಂದ್ರ ಸರಕಾರವು ಆರಂಭಿಸಿ, ಕರ್ನಾಟಕವೂ ಕೈಕೊಂಡ ‘ಕುಸುಮ್’ ಯೋಜನೆಯ ಒಂದು ಭಾಗವು ಈ ಕಷ್ಟಕ್ಕೆ ನೇರವಾಗಿ ಸಂಬಂಧಿಸಿದುದು. ಪಂಪುಗಳ ವಿದ್ಯುನ್ಮಾರ್ಗವನ್ನು ಮನೆಗಳ ಮಾರ್ಗದಿಂದ ಬೇರ್ಪಡಿಸಿ, ಉಪಕೇಂದ್ರದ ಹತ್ತಿರವೇ ಸಣ್ಣ ಸೌರಸ್ಥಾವರವನ್ನು ಕಟ್ಟಿ, ಹಗಲಿನಲ್ಲಿಯೇ ಪಂಪುಗಳನ್ನು ನಡೆಯಿಸುವುದು ಅದರ ಮರ್ಮ. ಇಲ್ಲಿ ಬಲವನ್ನು ಕೂಡಿಡುವ ಅವಶ್ಯಕತೆಯೇ ಕಡಿಮೆ, ಏಕೆಂದರೆ ಹಗಲಿನಲ್ಲಿ ಎತ್ತಿದ ನೀರೇ ಬೆಳೆಯ ಬುಡದಲ್ಲಿ ಉಳಿಯುವುದು. ಕಣಿವೆಯೂ ಮುಳುಗಬೇಕಾಗಿಲ್ಲ, ಬೇಕಾಗುವ ನೆಲವು ಅಲ್ಪವಾದುದು. ಆದರೆ ಹಗಲಿಡೀ ಉಚಿತವಾಗಿ ನಡೆಯುವ ಪಂಪು ಅಂತರ್ಜಲವನ್ನು ಬರಿದುಮಾಡದಂತೆ ನೋಡಿಕೊಳ್ಳುವ ಹೊಣೆಯು ಸರಕಾರಕ್ಕೂ ಇರುವುದು, ಒಕ್ಕಲಿಗನಿಗೂ ಇರುವುದು. ಬಿಸಿಲು ಬರಿದಾಗದಿದ್ದರೂ ಬಾವಿಯು ಬರಿದಾಗಬಹುದು.

ಶಿವನಸಮುದ್ರದ ವಿದ್ಯುತ್ತು ಮೊದಲು ಸೇರಿದುದು ಚಿನ್ನದ ಗಣಿಯನ್ನು. ಖೋಪೋಲಿಯದು ಸೇರಿದುದು ಮುಂಬಯಿಯ ಗಿರಣಿಗಳನ್ನು. ಹತ್ತಿಯನ್ನು ಬೆಳೆದವನು ಆ ಎರಡು ಕಾಲಗಳಲ್ಲಿಯೂ ಸಾಲಿನ ಕೊನೆಯಲ್ಲಿ ನಿಂತನು. ಎಷ್ಟು ಮೆಗಾವ್ಯಾಟು ಹುಟ್ಟಿತೆಂಬುದು ಮೂರನೆಯ ಯತ್ನವನ್ನು ಅಳೆಯಲು ಸಾಲದು. ನೆಲ ಕೊಟ್ಟವನಿಗೂ ಕೂಲಿಯವನಿಗೂ ಅದರಿಂದ ದೊರೆತುದೇನು, ಸವಣೂರು ಸೀಮೆಯ ರೈತನು ಎಷ್ಟು ರಾತ್ರಿ ಮನೆಯಲ್ಲಿ ನಿಶ್ಚಿಂತೆಯಿಂದ ಮಲಗಿದನು ಎಂಬುದನ್ನೂ ಎಣಿಸತಕ್ಕದ್ದು.