ಸೆಂಟ್, ಗುಂಟೆ, ನಾಟ್: ಸಣ್ಣ ವಿಮಾನದ ವೇಗಮಾನಕ್ಕೊಂದು ಚರಿತ್ರೆ

ರಾಯದುರ್ಗ, ಮಡಕಶಿರಾ ಕಡೆಯಿಂದ ಸೇರಿಕೊಂಡವರಿಗೆ ಇವತ್ತಿನ ಸಮಸ್ಯೆ ಹೊಸದೇನಲ್ಲ. ಮಡಕಶಿರಾದಲ್ಲಿ ಜಮೀನನ್ನು ಎಕರೆ-ಸೆಂಟ್ ಲೆಕ್ಕದಲ್ಲಿ ಹೇಳ್ತೀವಿ. ಗಡಿ ದಾಟಿ ಶಿರಾಕ್ಕೆ ಹೋದರೆ ಎಕರೆ-ಗುಂಟೆ. ಒಂದು ಎಕರೆಗೆ 100 ಸೆಂಟ್, ಇಲ್ಲವೇ 40 ಗುಂಟೆ. ಎರಡೂ ಕಡೆ ಮಾತು ಕನ್ನಡವೇ. ಆದರೆ ಅಳತೆ ಭಾಷೆಯನ್ನು ಅನುಸರಿಸಲಿಲ್ಲ, ಹಳೆಯ ಆಡಳಿತವನ್ನು ಅನುಸರಿಸಿತು: ಮಡಕಶಿರಾ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಶಿರಾ ಮೈಸೂರು ಸಂಸ್ಥಾನದಲ್ಲಿತ್ತು.

ವಿಮಾನದ ವೇಗಮಾಪಕದ ಕಥೆಯೂ ಹೀಗೇ. ನಾವಿಕರು ಗಂಟು ಹಾಕಿದ ಹಗ್ಗವನ್ನು ನೀರಿಗೆ ಬಿಟ್ಟು, ಮರಳುಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಜಾರಿತು ಅಂತ ಎಣಿಸ್ತಿದ್ದರು. ನಾಟ್ ಅಂದರೆ ಆ ಗಂಟೇ. ಈಗ ಅದರ ಅರ್ಥ ಗಂಟೆಗೆ ಒಂದು ನಾವಿಕ ಮೈಲಿ, ಅಂದರೆ 1.852 ಕಿಲೋಮೀಟರ್. ಅಮೆರಿಕದ ಸಣ್ಣ ವಿಮಾನಗಳು ಮಾತ್ರ ರಸ್ತೆಯ ಮೈಲಿಯನ್ನೇ ಇಟ್ಟುಕೊಂಡವು. 1970ರ ದಶಕದ ನಡುವಿನಲ್ಲಿ ನಾಟ್‌ಗೆ ಬಂದವು. ಸೋವಿಯತ್ ವಿಮಾನಗಳಲ್ಲಿ ಕಿಲೋಮೀಟರ್. 1963ರಲ್ಲಿ ನಮ್ಮ ವಾಯುಪಡೆಗೆ ಬಂದ ಮಿಗ್-21ರಲ್ಲೂ ಅದೇ ಡಯಲ್. ತಯಾರಿಸಿದವರು ಯಾರೋ, ಅಳತೆ ಅವರದು.

ಮನೆಯಲ್ಲೇ ಕಟ್ಟುವ ವಿಮಾನದಲ್ಲಿ ಈ ಮಾತು ಸ್ವಲ್ಪ ಬದಲಾಗುತ್ತೆ. ಬರ್ಟ್ ರುಟಾನ್ ಅವರ ಲಾಂಗ್-ಈಝಿ ಅಂಥದ್ದು: ನಕ್ಷೆ ಕೊಂಡು ತಾವೇ ಕಟ್ಟಿಕೊಳ್ಳುವ ವಿಮಾನ. ಅದೇ ವಿನ್ಯಾಸ ಆಧರಿಸಿ ಬೆಂಗಳೂರಿನ ಎನ್‌ಎಎಲ್ ಹಗುರ ಸಂಶೋಧನಾ ವಿಮಾನವೊಂದನ್ನು ಕಟ್ಟಿತು, 1987ರಲ್ಲಿ ಹಾರಿಸಿತು. ಇಂಥ ವಿಮಾನ ಕಟ್ಟುವವನು ಡಯಲ್ಲನ್ನೂ ತಾನೇ ಆರಿಸಬೇಕು. ಕೈಪಿಡಿ ಒಂದು ಮಾನದಲ್ಲಿ, ಅಗ್ಗಕ್ಕೆ ಸಿಕ್ಕ ಡಯಲ್ ಇನ್ನೊಂದರಲ್ಲಿ ಇದ್ದರೆ?

ಲೆಕ್ಕ ಹಾಕಿ ನೋಡೋಣ. ಒಂದು ವಿಮಾನದ ಸ್ಟಾಲ್ ವೇಗ 50 ನಾಟ್ ಅಂತಿಟ್ಟುಕೊಳ್ಳಿ. ಅದಕ್ಕಿಂತ ನಿಧಾನವಾದರೆ ರೆಕ್ಕೆ ವಿಮಾನವನ್ನು ಹೊರಲಾರದು. ಇಳಿಯುವಾಗ ಅದರ 1.3 ಪಟ್ಟು, ಅಂದರೆ 65 ನಾಟ್ ಇಟ್ಟುಕೊಳ್ಳುವುದು ರೂಢಿ. ಪೈಲಟ್ ಆ 65ನ್ನು ಮೈಲಿಯ ಡಯಲ್‌ನಲ್ಲಿ ಹಿಡಿದರೆ ನಿಜವಾಗಿ ಇರೋದು ಸುಮಾರು 56 ನಾಟ್. ನೇರ ಹಾರಾಟದಲ್ಲಿ ಪಾರಾಗಬಹುದು. ಆದರೆ ರನ್‌ವೇ ಕಡೆಗೆ 45 ಡಿಗ್ರಿ ವಾಲಿಸಿ, ಎತ್ತರ ಕಳೆದುಕೊಳ್ಳದೆ ತಿರುಗಿಸಿದರೆ ಸ್ಟಾಲ್ ವೇಗವೇ 59 ದಾಟುತ್ತೆ. ಸೆಂಟ್-ಗುಂಟೆ ತಪ್ಪಾದರೆ ತಿದ್ದುಪಡಿ ಪತ್ರ ಮಾಡಿಸಬಹುದು. ನೆಲದ ಹತ್ತಿರ ಆದ ಈ ತಪ್ಪಿಗೆ ತಿದ್ದುಪಡಿ ಇಲ್ಲ.

ಇನ್ನೊಂದು ಅಂಶ ಇದೆ. ವೇಗಮಾಪಕ ವೇಗವನ್ನು ನೇರವಾಗಿ ಅಳೆಯೋದೇ ಇಲ್ಲ. ಪಿಟೋ ನಳಿಕೆಗೆ ನುಗ್ಗುವ ಗಾಳಿಯ ಒತ್ತಡವನ್ನು ಅಳೆದು ಅದಕ್ಕೊಂದು ಅಂಕಿ ಕೊಡುತ್ತೆ. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಅಲ್ಲಿನ ತೆಳು ಗಾಳಿಯಲ್ಲಿ ಡಯಲ್ 65 ತೋರಿಸಿದಾಗ ವಿಮಾನ ಅದಕ್ಕಿಂತ ಜೋರಾಗಿ ಹೋಗ್ತಿರುತ್ತೆ. ರೆಕ್ಕೆಯೂ ಅದೇ ಒತ್ತಡದಿಂದ ಭಾರ ಹೊರುವುದರಿಂದ, ಸ್ಟಾಲ್ ಆಗುವ ಡಯಲ್ ಅಂಕಿ ಬಹುಮಟ್ಟಿಗೆ ಬದಲಾಗಲ್ಲ. ಹಾಗಾಗಿ ಆಧಾರವೇಗ ಅನ್ನೋದು ಆ ರೆಕ್ಕೆಗೂ ಆ ಡಯಲ್ಲಿಗೂ ಸೇರಿದ ಅಂಕಿ. ಅದರಲ್ಲೂ ಲಾಂಗ್-ಈಝಿಯಂಥ ವಿಮಾನದಲ್ಲಿ ಮುಂದಿನ ಸಣ್ಣ ರೆಕ್ಕೆ ಮೊದಲು ಸೋತು ಮೂತಿ ತಾನಾಗಿ ಬಾಗುತ್ತೆ. ಅಲ್ಲಿ ಸ್ಟಾಲ್ ವೇಗದ ಬದಲು ಕನಿಷ್ಠ ವೇಗದ ಮಾತೇ ಬರುತ್ತೆ. ಒಂದರ ಅಂಕಿ ಇನ್ನೊಂದಕ್ಕೆ ಸಲ್ಲದು.

ನಕ್ಷೆ, ಗಾಳಿಯ ವರದಿ, ನಿಯಂತ್ರಣ ಗೋಪುರ ಎಲ್ಲವೂ ಇವತ್ತು ನಾಟ್‌ನಲ್ಲೇ ಮಾತಾಡುವುದರಿಂದ ಹೊಸದಾಗಿ ಕಟ್ಟುವವರಿಗೆ ಅದೇ ಸುಲಭ ಅಂತ ನನ್ನ ಅಭಿಪ್ರಾಯ. ಮೈಲಿ ಇಟ್ಟುಕೊಂಡರೂ ತಪ್ಪಿಲ್ಲ. ಆದರೆ ಡಯಲ್, ಕೈಪಿಡಿ, ಪೈಲಟ್ಟಿನ ಬಾಯಿ, ಈ ಮೂರರಲ್ಲೂ ಒಂದೇ ಮಾನ ಇರಬೇಕು. ಉಳಿದದ್ದನ್ನು ಚರ್ಚೆಯಲ್ಲಿ ನೋಡೋಣ.