ಗಾವಠಾಣ, ಸೆಕ್ಟರ್ ಮತ್ತು ಅಂಗಳ

ಖಾರಘರದಲ್ಲಿ ವಿಳಾಸ ಹೇಳೋದು ಸುಲಭ. ಸೆಕ್ಟರ್ ನಂಬರು, ಪ್ಲಾಟ್ ನಂಬರು, ಸೊಸೈಟಿಯ ಹೆಸರು ಹೇಳಿದರೆ ಸಾಕು, ರಿಕ್ಷಾದವರು ಬಾಗಿಲಿಗೇ ತಂದು ಬಿಡ್ತಾರೆ. ಆದರೆ ಅಲ್ಲಿಯೇ ಇರುವ ಕೋಪ್ರಾ, ಬೇಲಪಾಡಾ, ಓವೆ, ಮುರ್ಬಿಗಳಲ್ಲಿ ಮನೆ ಹುಡುಕಬೇಕಾದರೆ ಮನೆಯವರ ಹೆಸರು ಹೇಳಬೇಕು. ಇವು ಸೆಕ್ಟರುಗಳಿಗಿಂತ ಹಳೆಯ ಹಳ್ಳಿಗಳು. ಒಂದೇ ಊರಿಗೆ ಈ ಎರಡು ಬಗೆಯ ವಿಳಾಸ ಹೇಗೆ ಬಂತು ಅಂತ ಕೇಳಿದರೆ ನವಿ ಮುಂಬಯಿಯ ಚರಿತ್ರೆಯೇ ತೆರೆದುಕೊಳ್ಳುತ್ತದೆ.

1965ರಲ್ಲಿ ಚಾರ್ಲ್ಸ್ ಕೊರೆಯಾ, ಪ್ರವೀಣಾ ಮೆಹ್ತಾ ಮತ್ತು ಶಿರೀಷ್ ಪಟೇಲ್ ಎಂಬ ಮೂವರು 'ಮಾರ್ಗ್' ಪತ್ರಿಕೆಯಲ್ಲಿ ಒಂದು ಸಲಹೆ ಮುಂದಿಟ್ಟರು: ಮುಂಬಯಿಯ ಜನದಟ್ಟಣೆ ಕಡಿಮೆಯಾಗಬೇಕಾದರೆ ಖಾಡಿಯ ಆಚೆ ಹೊಸ ನಗರ ಕಟ್ಟಬೇಕು. 1970ರ ಮಾರ್ಚಿನಲ್ಲಿ ಅದಕ್ಕಾಗಿ ಸಿಡ್ಕೊ ಸಂಸ್ಥೆ ಹುಟ್ಟಿತು. ಯೋಜನೆಯ ವ್ಯಾಪ್ತಿ 344 ಚದರ ಕಿಲೊಮೀಟರ್. ಅದರೊಳಗೆ 95 ಹಳ್ಳಿಗಳಿದ್ದವು. ಆಗ್ರಿ, ಕೋಳಿ ಸಮುದಾಯದವರ ಗದ್ದೆಗಳೂ ಉಪ್ಪಿನ ಪಾತಿಗಳೂ ಹೊಸ ನಗರದ ಪಾಲಾದವು. ಮನೆಗಳಿದ್ದ ಗಾವಠಾಣವನ್ನು, ಅಂದರೆ ನಾವು ಕರ್ನಾಟಕದಲ್ಲಿ ಗ್ರಾಮಠಾಣ ಅನ್ನುವ ಜಾಗವನ್ನು, ಹಾಗೇ ಬಿಟ್ಟರು.

ಇದು ಹಳ್ಳಿಯನ್ನು ಉಳಿಸಿದ ಹಾಗೆ ಕಾಣುತ್ತದೆ. ಆದರೆ ಅದಕ್ಕೆ ಬೆಳೆಯಲು ಜಾಗವನ್ನೇ ಬಿಡಲಿಲ್ಲ. ಮಗನಿಗೆ ಮದುವೆಯಾದರೆ ಇನ್ನೊಂದು ಕೋಣೆ ಬೇಕು, ಮೊಮ್ಮಕ್ಕಳಾದರೆ ಇನ್ನೊಂದು ಮಹಡಿ ಬೇಕು. ಗಡಿ ದಾಟಿ ಕಟ್ಟಿದ ಗೋಡೆ ಕಾಗದದ ಮೇಲೆ 'ಅನಧಿಕೃತ' ಆಯಿತು. ತಲೆಮಾರುಗಳಿಂದ ಇದ್ದವರೇ ತಮ್ಮ ಊರಲ್ಲಿ ಅತಿಕ್ರಮಣಕಾರರಾದರು.

ಈ ಸಂಕಟದ ಹಿಂದೆ ರಕ್ತದ ನೆನಪೂ ಇದೆ. 1984ರ ಜನವರಿಯಲ್ಲಿ ರೈತ ನಾಯಕ ದಿ. ಬಾ. ಪಾಟೀಲರ ನೇತೃತ್ವದಲ್ಲಿ ಉರಣದ ಜಾಸಯಿ ಪರಿಸರದಲ್ಲಿ ನಡೆದ ಹೋರಾಟದ ಮೇಲೆ ಪೊಲೀಸರು ಗುಂಡು ಹಾರಿಸಿ, ಐವರು ಸತ್ತರು. ಹೋದ ಭೂಮಿಯ ಶೇ. 12.5ರಷ್ಟನ್ನು ಅಭಿವೃದ್ಧಿಪಡಿಸಿ ರೈತರಿಗೆ ವಾಪಸು ಕೊಡುವ ಯೋಜನೆ ಆ ಹೋರಾಟದ ಫಲ. ಜಾಗ ಕೈಗೆ ಬಂತು ನಿಜ, ಆದರೆ ಹಲವರು ಅದನ್ನು ಬಿಲ್ಡರುಗಳಿಗೆ ಮಾರಿದರು. ದುಡ್ಡು ಬಂತು, ನೆರೆಹೊರೆ ಚದುರಿತು.

ಹಾಗಾದರೆ ಯೋಜನೆ ಮಾಡಿಯೂ ನೆರೆಹೊರೆ ಉಳಿಸಲು ಆಗೋದೇ ಇಲ್ವಾ? ಉತ್ತರ ಖಾರಘರದ ಪಕ್ಕದ ಬೇಲಾಪುರದಲ್ಲೇ ಇದೆ. 1980ರ ದಶಕದಲ್ಲಿ ಅದೇ ಕೊರೆಯಾ ಅಲ್ಲಿ 'ಆರ್ಟಿಸ್ಟ್ಸ್ ವಿಲೇಜ್' ಕಟ್ಟಿದರು. ಏಳು ಮನೆಗಳ ನಡುವೆ ಒಂದು ಅಂಗಳ. ಅಂಥ ಮೂರು ಗುಂಪು ಸೇರಿದರೆ 21 ಮನೆಗಳ ನಡುವೆ ಇನ್ನೂ ದೊಡ್ಡ ಬಯಲು. ಒಂದು ಮನೆಯ ಗೋಡೆ ಇನ್ನೊಂದಕ್ಕೆ ಅಂಟಿಲ್ಲ, ಆದ್ದರಿಂದ ಸಂಸಾರ ಬೆಳೆದ ಹಾಗೆ ಮನೆಯೂ ಬೆಳೆಯಬಹುದು. ಇಂದು ಅಲ್ಲಿನ ಎಷ್ಟೋ ಮನೆಗಳ ರೂಪ ಬದಲಾಗಿದೆ. ಹೆಂಚು ಹೋಗಿ ಕಾಂಕ್ರೀಟ್ ಬಂದಿದೆ. ಆದರೂ ಮನೆಗಳು ಅಂಗಳದ ಸುತ್ತಲೇ ನಿಂತಿವೆ.

ನಾವು ಕಲಿಯಬೇಕಾದ್ದು ಇಲ್ಲಿದೆ. ಮೊಹಲ್ಲಾದ ಗುಣ ಹಳೆಯ ಕಂಬ, ಹೆಂಚುಗಳಲ್ಲಿ ಮಾತ್ರ ಇಲ್ಲ. ಮಕ್ಕಳು ಆಡುವ, ಹೆಂಗಸರು ಕೂತು ಮಾತಾಡುವ, ಮದುವೆಗೂ ಮಯ್ಯತ್‌ಗೂ ಜನ ಸೇರುವ ಆ ನಡುವಿನ ಜಾಗದಲ್ಲಿದೆ. ನೆರೆಯವನ ಹಕ್ಕಿನ ಬಗ್ಗೆ ಜಿಬ್ರೀಲರು ಎಷ್ಟು ಒತ್ತಿ ಹೇಳುತ್ತಿದ್ದರೆಂದರೆ, ಅವನನ್ನು ವಾರಸುದಾರನನ್ನಾಗಿಯೇ ಮಾಡುತ್ತಾರೇನೋ ಅಂತ ಪ್ರವಾದಿಯವರಿಗೆ (ಸ) ಅನಿಸಿತ್ತಂತೆ. ಈ ಹದೀಸನ್ನು ನಾವು ಮಿಂಬರ್ ಮೇಲಿಂದ ಕೇಳ್ತೇವೆ, ಲೇಔಟಿನ ನಕ್ಷೆಯಲ್ಲಿ ಮಾತ್ರ ಹುಡುಕೋದಿಲ್ಲ.

ಬೆಳೆಯುತ್ತಿರುವ ನಮ್ಮ ಊರುಗಳ ಅಂಚಿನಲ್ಲೂ ಗ್ರಾಮಠಾಣಗಳ ಸುತ್ತ ಬಡಾವಣೆಗಳು ಏಳುತ್ತಿವೆ. ನಕ್ಷೆ ಬಂದಾಗ ನಾವು ಎರಡು ಪ್ರಶ್ನೆ ಕೇಳೋಣ: ಇಲ್ಲಿ ಮೊದಲಿಂದ ಇದ್ದವರ ಮಕ್ಕಳಿಗೆ ಮನೆ ಕಟ್ಟಲು ಜಾಗ ಎಲ್ಲಿದೆ? ಎಲ್ಲರೂ ಸೇರುವ ಅಂಗಳ ಎಲ್ಲಿದೆ? ಕೇಳೋದು ತಡವಾದರೆ ಸೆಕ್ಟರ್ ನಂಬರು ಉಳಿಯುತ್ತದೆ, ಹೆಸರು ಹೇಳಿ ಹುಡುಕುವ ಮನೆ ಉಳಿಯೋದಿಲ್ಲ.